ಜಾತಿನಾಯಿಯ ಆಯುಸ್ಸು ಮತ್ತು ಅರ್ಬುದ ರೋಗ



ಹಸು, ಎಮ್ಮೆ, ಕುರಿ, ಕೋಳಿಗಳ ರೋಗರುಜಿನಗಳ ವಿಷಯವಾಗಿ ತಾವು ಅನೇಕ ಭಾಷಣಗಳನ್ನು ಕೇಳಿದ್ದೀರಿ. ಈ ಹೊತ್ತು ನಾನು ನಾಯಿಯ ವಿಷಯವನ್ನು ಎತ್ತಿಕೊಂಡಿದ್ದೇನೆ. "ಇದೇನು, ರೈತರ ಕಾರ್ಯಕ್ರಮದಲ್ಲಿ ನಾಯಿಯ ಪುರಾಣ?" ಎಂದು ತಾವು ಕೇಳಬಹುದು. ಹಿಂದೆ ಆಗಿದ್ದರೆ ನಾನೂ ಹಾಗೆಯೇ ಕೇಳುತ್ತಿದ್ದೆ. ಹಳ್ಳಿಯ ನಾಯಿ ಹೊಲ ಕಾಯುತ್ತಿತ್ತು, ಮಿಕ್ಕ ಮುದ್ದೆ ತಿನ್ನುತ್ತಿತ್ತು, ಕಾಲ ಬಂದಾಗ ಕಣ್ಣು ಮುಚ್ಚುತ್ತಿತ್ತು. ಅದರ ಆಯುಸ್ಸನ್ನು ಲೆಕ್ಕ ಹಾಕಿದವರು ಯಾರು?

ಈಗ ಕಾಲ ಬದಲಾಗಿದೆ. ಬೆಂಗಳೂರಿನ ಹೊರ ಅಂಚನ್ನೇ ನೋಡಿ. ವೈಟ್‌ಫೀಲ್ಡ್ ಎಂಬ ಊರು 1882ರ ಸುಮಾರಿನಲ್ಲಿ ಹುಟ್ಟಿದ್ದು ಆಂಗ್ಲೋ-ಇಂಡಿಯನ್ ಕುಟುಂಬಗಳು ಬೇಸಾಯ ಮಾಡಿಕೊಂಡು ಬದುಕಲಿ ಎಂದು. ಇಂದು ಅಲ್ಲಿ ಬೇಸಾಯ ಎಲ್ಲಿದೆ? 1978ರಿಂದ ಈಚೆಗೆ ಎಲೆಕ್ಟ್ರಾನಿಕ್ ಸಿಟಿ ಬೆಳೆಯಿತು. ಇತ್ತ ಪೀಣ್ಯದಲ್ಲಿ ಕಾರ್ಖಾನೆಗಳು ಬೆಳೆದವು. ಹತ್ತು ಹದಿನೈದು ಮಹಡಿಯ ಮನೆಗಳು ಎದ್ದವು. ಅಲ್ಲಿ ವಾಸಿಸುವವರಿಗೆ ನಾಯಿ ಬೇಕು. ಅದೂ ಜಾತಿನಾಯಿ ಬೇಕು. ಸರ್ಜಾಪುರ, ವರ್ತೂರು, ಹೊಸಕೋಟೆ, ಆನೇಕಲ್ಲು, ನೆಲಮಂಗಲ, ಈ ಕಡೆಗಳಲ್ಲಿ ಎಕರೆ ಎರಡೆಕರೆ ಉಳಿಸಿಕೊಂಡಿರುವ ಕೆಲವು ರೈತರು ಕೊಟ್ಟಿಗೆಯ ಪಕ್ಕದಲ್ಲಿ ಒಂದೆರಡು ಹೆಣ್ಣುನಾಯಿ ಸಾಕಿ, ಮರಿ ಮಾರಿ, ಹಾಲಿನ ಹಣಕ್ಕೆ ಮರಿಯ ಹಣವನ್ನೂ ಕೂಡಿಸಿಕೊಳ್ಳುತ್ತಿದ್ದಾರೆ. ಹೀಗಿರುವಲ್ಲಿ ನಾಯಿಯೂ ನಮ್ಮ ಪಶುಪಾಲನೆಯ ಒಂದು ಭಾಗವಾಯಿತು. ಹಸುವಿನ ವಿಷಯದಲ್ಲಿ ನಾವು ಪಾಲಿಸುವ ನೀತಿ ನಾಯಿಗೂ ಸಲ್ಲಬೇಕು.

ಎಲ್ಲ ಜಾತಿಗಳನ್ನೂ ಹೇಳುತ್ತ ಕೂತರೆ ಸಮಯ ಸಾಲದು. ಒಂದೇ ಜಾತಿಯನ್ನು ಹಿಡಿದು ಹೇಳುತ್ತೇನೆ. ಗೋಲ್ಡನ್ ರಿಟ್ರೀವರ್ ಎಂಬ ಹೊಂಬಣ್ಣದ, ಉದ್ದ ಕೂದಲಿನ, ಬಹು ಸಾಧುವಾದ ನಾಯಿಯನ್ನು ತಾವು ನೋಡಿರಬಹುದು. ಮಕ್ಕಳು ಕಿವಿ ಹಿಡಿದೆಳೆದರೂ ಅದು ಸುಮ್ಮನಿರುತ್ತದೆ. ಇಷ್ಟು ಒಳ್ಳೆಯ ಪ್ರಾಣಿಗೆ ಒಂದು ದೊಡ್ಡ ಶತ್ರು ಇದೆ. ಅದೇ ಅರ್ಬುದ ರೋಗ. ಪೇಟೆಯವರು ಕ್ಯಾನ್ಸರ್ ಎನ್ನುತ್ತಾರೆ. ನಮ್ಮ ಕಡೆ ಗಂತಿ, ಗೆಡ್ಡೆ ಎನ್ನುತ್ತೇವೆ.

ಮೊದಲು ಒಂದು ನಡೆದ ಸಂಗತಿ ಹೇಳಿಬಿಡುತ್ತೇನೆ.

ಸರ್ಜಾಪುರದ ಕಡೆಯ ಒಬ್ಬ ರೈತರು ಒಂದು ಬೆಳಿಗ್ಗೆ ತಮ್ಮ ನಾಯಿಯನ್ನು ತರಕಾರಿ ಸಾಗಿಸುವ ಗಾಡಿಯಲ್ಲಿ ಮಲಗಿಸಿಕೊಂಡು ನನ್ನ ಬಳಿ ತಂದರು. ಗೋಲ್ಡನ್ ಜಾತಿಯ ಹೆಣ್ಣು, ಏಳು ವರ್ಷ. ಹೆಸರು ರಾಣಿ. ಹಿಂದಿನ ದಿನ ಸಂಜೆಯವರೆಗೂ ಚೆನ್ನಾಗಿಯೇ ಇತ್ತಂತೆ. ರಾತ್ರಿ ಊಟ ಬಿಟ್ಟಿತು. ಬೆಳಿಗ್ಗೆ ಎದ್ದು ನಿಲ್ಲಲಾರದೆ ಕುಸಿಯಿತು. ತುಟಿ ಮಗುಚಿ ನೋಡಿದೆ. ಒಸಡು ಸುಣ್ಣ ಬಳಿದ ಗೋಡೆಯ ಹಾಗೆ ಬಿಳಿಚಿಕೊಂಡಿತ್ತು. ಹೊಟ್ಟೆ ಉಬ್ಬಿತ್ತು. ಸೂಜಿ ಹಾಕಿ ನೋಡಿದರೆ ಹೊಟ್ಟೆಯ ತುಂಬ ರಕ್ತ. ಗುಲ್ಮದಲ್ಲಿ ಬೆಳೆದಿದ್ದ ಗಂತಿ ಒಡೆದುಹೋಗಿತ್ತು. ಶಸ್ತ್ರಚಿಕಿತ್ಸೆಗೆ ಸಿದ್ಧ ಮಾಡುವಷ್ಟರಲ್ಲಿ ರಾಣಿ ಹೋಗಿಬಿಟ್ಟಿತು.

ಆ ರೈತರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು: "ಏನ್ ಸ್ವಾಮಿ, ನಾಯಿಗೂ ಕ್ಯಾನ್ಸರ್ ಬರ್ತದಾ?"

"ಬರುತ್ತದೆ. ಈ ಜಾತಿಗಂತೂ ಹೆಚ್ಚಾಗಿಯೇ ಬರುತ್ತದೆ" ಎಂದೆ.

"ಹಂಗಾದ್ರೆ ಇದರ ಮರಿಗಳಿಗೆ?"

ಈ ಪ್ರಶ್ನೆಗೆ ನಾನು ಕೂಡಲೇ ಉತ್ತರ ಹೇಳಲಿಲ್ಲ. ರಾಣಿ ಆ ವೇಳೆಗೆ ಮೂರು ಸೂಲು ಮರಿ ಹಾಕಿತ್ತು. ಮರಿಗಳೆಲ್ಲ ವೈಟ್‌ಫೀಲ್ಡಿನಿಂದ ಎಲೆಕ್ಟ್ರಾನಿಕ್ ಸಿಟಿಯವರೆಗೆ ಬೇರೆ ಬೇರೆ ಮನೆ ಸೇರಿದ್ದವು. ಒಂದು ಹೆಣ್ಣುಮರಿ ಅವರ ಮನೆಯಲ್ಲೇ ಉಳಿದಿತ್ತು. ಅದನ್ನು ಮುಂದಿನ ಬೆದೆಗೆ ಕೂಡಿಸಬೇಕೆಂದು ಗಂಡನ್ನೂ ಗೊತ್ತುಮಾಡಿದ್ದರು.

ಬಾಂಧವರೇ, ನನ್ನ ಇಂದಿನ ಮಾತೆಲ್ಲ ಆ ರೈತರ ಪ್ರಶ್ನೆಗೆ ಉತ್ತರ ಎಂದು ತಿಳಿಯಿರಿ.

ಈ ಜಾತಿ ಎಲ್ಲಿಂದ ಬಂತು ಎಂಬುದನ್ನು ಸ್ವಲ್ಪ ತಿಳಿಯೋಣ. ಸ್ಕಾಟ್ಲೆಂಡಿನ ಬೆಟ್ಟಸೀಮೆಯಲ್ಲಿ ಲಾರ್ಡ್ ಟ್ವೀಡ್‌ಮೌತ್ ಎಂದು ಮುಂದೆ ಹೆಸರಾದ ಒಬ್ಬ ಜಮೀನ್ದಾರರಿದ್ದರು. ಬೇಟೆಯಲ್ಲಿ ಬಿದ್ದ ಹಕ್ಕಿಗಳನ್ನು ನೀರಿನಿಂದ, ಪೊದೆಯಿಂದ ಕಚ್ಚಿ ತರುವ ನಾಯಿ ಅವರಿಗೆ ಬೇಕಾಗಿತ್ತು. 1865ರಲ್ಲಿ ನೂಸ್ ಎಂಬ ಹಳದಿ ಬಣ್ಣದ ಗಂಡುನಾಯಿಯನ್ನು ಕೊಂಡರು. 1868ರಲ್ಲಿ ಅದನ್ನು ಬೆಲ್ ಎಂಬ ಹೆಣ್ಣಿಗೆ ಕೂಡಿಸಿದರು. ಆ ಸೂಲಿನಲ್ಲಿ ಹಳದಿ ಮರಿಗಳು ಹುಟ್ಟಿದವು. ಆ ಮರಿಗಳ ಮೇಲೆಯೇ, ಬೇರೆ ಕೆಲವು ನಾಯಿಗಳನ್ನೂ ಸೇರಿಸಿಕೊಂಡು, ವಂಶ ಕಟ್ಟಿದರು. ಮುಂದೆ ಇಂಗ್ಲೆಂಡಿನ ಕೆನಲ್ ಕ್ಲಬ್ ಇದನ್ನು ಬೇರೆ ಜಾತಿಯೆಂದು ಒಪ್ಪಿತು.

ಇದರ ಅರ್ಥವೇನು? ಇಂದು ಲೋಕದ ತುಂಬ ಲಕ್ಷಾಂತರವಾಗಿರುವ ಈ ನಾಯಿಗಳೆಲ್ಲ ಕೈಬೆರಳಿನಲ್ಲಿ ಎಣಿಸಬಹುದಾದಷ್ಟು ಹಿರಿಯರ ಸಂತತಿ. ಒಂದು ಊರಿನವರೆಲ್ಲ ನಾಲ್ಕೈದು ಮನೆಯಿಂದಲೇ ಬಂದವರಾದರೆ ಹೇಗೋ ಹಾಗೆ. ಬಣ್ಣ, ಸಾಧು ಸ್ವಭಾವ, ನೀರಿನ ಮೇಲಿನ ಆಸೆ, ಇವೆಲ್ಲ ಆ ಹಿರಿಯರಿಂದ ಬಂದವು. ಒಳ್ಳೆಯ ಗುಣ ಹರಿದ ಕಾಲುವೆಯಲ್ಲೇ ಕೆಟ್ಟ ಗುಣವೂ ಹರಿಯುತ್ತದೆ. ಹತ್ತಿರದ ರಕ್ತವನ್ನೇ ಮತ್ತೆ ಮತ್ತೆ ಕೂಡಿಸುತ್ತ ಹೋದಾಗ ಅಡಗಿದ್ದ ದೋಷ ಎದ್ದು ಕಾಣುತ್ತದೆ. ತಂದೆಯ ಕಡೆಯಿಂದ ಒಂದು ಪಾಲು, ತಾಯಿಯ ಕಡೆಯಿಂದ ಅದೇ ದೋಷದ ಇನ್ನೊಂದು ಪಾಲು. ಎರಡೂ ಮರಿಯಲ್ಲಿ ಒಂದುಗೂಡುತ್ತವೆ.

ಅಮೆರಿಕದಲ್ಲಿ ಈ ಜಾತಿಯನ್ನು ಸಾಕುವವರ ಸಂಘ 1998ರಲ್ಲಿ ಒಂದು ಲೆಕ್ಕ ತೆಗೆಯಿತು. ಸತ್ತ ನಾಯಿಗಳಲ್ಲಿ ನೂರಕ್ಕೆ ಸುಮಾರು 60 ಅರ್ಬುದದಿಂದ ಸತ್ತಿದ್ದವು. 2004ರಲ್ಲಿ ಇಂಗ್ಲೆಂಡಿನ ಲೆಕ್ಕದಲ್ಲಿ ಇದು ನೂರಕ್ಕೆ 40ರ ಹತ್ತಿರ ಬಂತು. ಒಂದೇ ಜಾತಿ, ಎರಡು ದೇಶ, ಎರಡು ಲೆಕ್ಕ. ವಂಶ ಬೇರೆಯಾದರೆ ಅಪಾಯವೂ ಬೇರೆಯಾಗಬಹುದು ಎಂಬ ಸುಳಿವು ಇಲ್ಲಿದೆ. ಅಮೆರಿಕದ ಮಾರಿಸ್ ಸಂಸ್ಥೆಯವರು 2012ರಿಂದ ಮೂರು ಸಾವಿರಕ್ಕೂ ಹೆಚ್ಚು ಗೋಲ್ಡನ್ ನಾಯಿಗಳನ್ನು ಎಳೆಯ ವಯಸ್ಸಿನಿಂದಲೇ ಗುರುತುಹಾಕಿಕೊಂಡು, ಏನು ತಿಂದವು, ಎಲ್ಲಿ ಮಲಗಿದವು, ಯಾವ ರೋಗ ಬಂತು ಎಂದು ವರ್ಷವರ್ಷವೂ ಬರೆದಿಡುತ್ತ ಬಂದಿದ್ದಾರೆ. ಅವರು ಮುಖ್ಯವಾಗಿ ಕಣ್ಣಿಟ್ಟಿರುವುದು ನಾಲ್ಕು ಬಗೆಯ ಅರ್ಬುದಗಳ ಮೇಲೆ. ರಕ್ತನಾಳದ ಒಳಪೊರೆಯಲ್ಲಿ ಹುಟ್ಟಿ ಗುಲ್ಮಕ್ಕೂ ಹೃದಯಕ್ಕೂ ಹತ್ತುವುದು ಒಂದು. ನಮ್ಮ ರಾಣಿಯನ್ನು ಕೊಂದದ್ದು ಇಂಥದೇ. ದುಗ್ಧಗ್ರಂಥಿಗಳಲ್ಲಿ ಬರುವ ಲಿಂಫೋಮಾ ಎರಡನೆಯದು. ಮೂಳೆಯಲ್ಲಿ ಬರುವುದು ಮೂರನೆಯದು. ಚರ್ಮದಲ್ಲಿ ಏಳುವ ಮಾಸ್ಟ್ ಸೆಲ್ ಗಂತಿ ನಾಲ್ಕನೆಯದು.

ಇಷ್ಟು ಕೇಳಿ, "ಜಾತಿನಾಯಿ ಅಂದರೆ ಅಲ್ಪಾಯುಷಿ, ಬೀದಿನಾಯಿಯೇ ಗಟ್ಟಿ" ಎಂದು ತೀರ್ಮಾನ ಮಾಡಬೇಡಿ. 2024ರಲ್ಲಿ ಇಂಗ್ಲೆಂಡಿನಲ್ಲಿ ಆರು ಲಕ್ಷದ ಹತ್ತಿರ ನಾಯಿಗಳ ಆಯುಸ್ಸನ್ನು ಲೆಕ್ಕ ಹಾಕಿದರು. ಜಾತಿನಾಯಿಗಳ ನಡುಮಟ್ಟದ ಆಯುಸ್ಸು 12.7 ವರ್ಷ, ಬೆರಕೆ ನಾಯಿಗಳದು 12.0 ವರ್ಷ ಬಂತು. ಆದ್ದರಿಂದ ಜಾತಿ ಎಂಬ ಹೆಸರೇ ಶಾಪವಲ್ಲ. ಯಾವ ಜಾತಿ, ಅದರಲ್ಲಿ ಯಾವ ವಂಶ, ಯಾರ ಕೈಯಲ್ಲಿ ಬೆಳೆಯಿತು, ಇವೇ ಮುಖ್ಯ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತಿಗೆ ಬರುತ್ತೇನೆ. ದಯವಿಟ್ಟು ಗಮನವಿಟ್ಟು ಕೇಳಿ.

ಈ ಅರ್ಬುದಗಳು ಹೆಚ್ಚಾಗಿ ಕಾಣಿಸಿಕೊಳ್ಳುವುದು ಆರೇಳು ವರ್ಷ ಕಳೆದ ಮೇಲೆ. ನಾಯಿ ಮರಿ ಹಾಕಲು ತೊಡಗುವುದು ಎರಡನೆಯ ವರ್ಷದಲ್ಲಿ. ರೋಗ ತೋರುವ ಹೊತ್ತಿಗೆ ಅದರ ಮಕ್ಕಳೂ ಮೊಮ್ಮಕ್ಕಳೂ ಮಾರಾಟವಾಗಿ ಹೋಗಿರುತ್ತವೆ. ಹೀಗೆ ರೋಗ ಹಿಂದಿನಿಂದ ಬರುತ್ತದೆ, ವಂಶ ಮುಂದೆ ಓಡುತ್ತದೆ. ಎರಡು ವರ್ಷದ ಗಂಡುನಾಯಿ ನಿಗಿನಿಗಿ ಹೊಳೆಯುತ್ತಿದೆ, ಪ್ರದರ್ಶನದಲ್ಲಿ ಬಹುಮಾನ ಗೆದ್ದಿದೆ ಎಂದ ಮಾತ್ರಕ್ಕೆ ಅದರ ಬೀಜ ಒಳ್ಳೆಯದೆಂದು ಹೇಳುವಂತಿಲ್ಲ. ಅದರ ಆಯುಸ್ಸಿನ ಪರೀಕ್ಷೆ ಇನ್ನೂ ಆಗಿಲ್ಲ.

ಈ ನೀತಿ ನಿಮಗೆ ಹೊಸದಲ್ಲ. ಹೆಸರಘಟ್ಟದ ಕೇಂದ್ರದಿಂದ ಬರುವ ಹೋರಿಯ ವೀರ್ಯದ ಕಡ್ಡಿಯನ್ನು ಹಸುವಿಗೆ ಕೊಡಿಸುವಾಗ ನೀವು ಹೋರಿಯ ಕೊಂಬು ನೋಡುತ್ತೀರಾ? ಇಲ್ಲ. "ಆ ಹೋರಿಯ ತಾಯಿ ಎಷ್ಟು ಲೀಟರು ಕರೆದಿತ್ತು?" ಎಂದು ಕೇಳುತ್ತೀರಿ. ಹೋರಿ ತಾನೇ ಹಾಲು ಕೊಡುವುದಿಲ್ಲ. ಅದರ ಬೆಲೆ ತಾಯಿಯ ಲೆಕ್ಕದಲ್ಲಿ, ಹೆಣ್ಣುಮಕ್ಕಳ ಲೆಕ್ಕದಲ್ಲಿ ತಿಳಿಯುತ್ತದೆ. ನಾಯಿಯ ಆಯುಸ್ಸೂ ಹಾಗೆಯೇ. ಮರಿಯ ಮುಖ ನೋಡಿದರೆ ತಿಳಿಯದು. ಅಜ್ಜ ಅಜ್ಜಿಯರನ್ನು ವಿಚಾರಿಸಿದರೆ ತಿಳಿಯುತ್ತದೆ. "ಇದರ ಅಜ್ಜ ಇದೆಯೇ? ಸತ್ತಿದ್ದರೆ ಎಷ್ಟನೆಯ ವರ್ಷದಲ್ಲಿ, ಯಾವ ಕಾಯಿಲೆಯಿಂದ?" ಈ ಮೂರು ಪ್ರಶ್ನೆ ಕೇಳದೆ ಯಾರೂ ಮರಿ ಕೊಳ್ಳಬಾರದು. ಉತ್ತರ ಗೊತ್ತಿಲ್ಲದೆ ಯಾರೂ ಮರಿ ಮಾಡಿಸಬಾರದು.

"ನಮ್ಮ ಹತ್ತಿರ ಕೆನಲ್ ಕ್ಲಬ್ಬಿನ ಕಾಗದ ಇದೆಯಲ್ಲ" ಎಂದು ಕೆಲವರು ಹೇಳುತ್ತಾರೆ. ಇರಲಿ, ಒಳ್ಳೆಯದೇ. ಆದರೆ ಆ ವಂಶಾವಳಿಯ ಕಾಗದ ಹೇಳುವುದು ಹಿರಿಯರ ಹೆಸರನ್ನು, ಆಯುಸ್ಸನ್ನಲ್ಲ. ಅದನ್ನು ಬೇರೊಂದು ರೀತಿಯಲ್ಲಿ ಉಪಯೋಗಿಸಿ. ಗಂಡಿನ ಕಾಗದ, ಹೆಣ್ಣಿನ ಕಾಗದ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಒಂದೇ ಹೆಸರು ಎರಡೂ ಕಡೆ ಬಂದರೆ ರಕ್ತ ಹತ್ತಿರವಾಯಿತೆಂದು ತಿಳಿದು ಬೇರೆ ಗಂಡನ್ನು ಹುಡುಕಿ. ನಮ್ಮಲ್ಲಿ ಸಂಬಂಧ ಬೆಳೆಸುವಾಗ ಗೋತ್ರ, ಬೆಡಗು ಕೇಳುವುದಿಲ್ಲವೇ? ಅಷ್ಟೇ ಇದು.

ಆಯುಸ್ಸು ವಂಶದಲ್ಲಿ ಹರಿಯುತ್ತದೆ ಎಂಬುದಕ್ಕೆ ಈಚಿನ ಆಧಾರವೂ ಇದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಪಶುವೈದ್ಯ ಶಾಲೆಯವರು 2023ರಲ್ಲಿ ಮುನ್ನೂರಕ್ಕೂ ಹೆಚ್ಚು ಗೋಲ್ಡನ್ ನಾಯಿಗಳ ರಕ್ತ ಪರೀಕ್ಷಿಸಿ ಒಂದು ವಂಶಾಣುವನ್ನು ಗುರುತಿಸಿದರು. ಅದರ ಒಂದು ರೂಪ ಇದ್ದ ನಾಯಿಗಳು ಸರಾಸರಿ 13.5 ವರ್ಷ ಬದುಕಿದವು, ಇಲ್ಲದವು 11.6 ವರ್ಷ. ಸುಮಾರು ಎರಡು ವರ್ಷದ ಅಂತರ. ಈ ಪರೀಕ್ಷೆ ನಮ್ಮ ಊರಿನ ಆಸ್ಪತ್ರೆಯಲ್ಲಿ ದೊರೆಯುವುದಿಲ್ಲ, ನಿಜ. ಆದರೆ ಹನ್ನೆರಡು ಹದಿಮೂರು ವರ್ಷ ಬಾಳಿದ ಅಜ್ಜಿನಾಯಿ ಮನೆಯ ಜಗುಲಿಯ ಮೇಲೆ ಮಲಗಿದ್ದರೆ, ಅದೇ ಒಂದು ದೊಡ್ಡ ಪ್ರಮಾಣಪತ್ರ.

ವಂಶದ ವಿಷಯ ಆಯಿತು. ಈಗಾಗಲೇ ಮನೆಯಲ್ಲಿರುವ ನಾಯಿಯನ್ನು ಹೇಗೆ ನೋಡಿಕೊಳ್ಳಬೇಕು?

ತಿಂಗಳಿಗೊಂದು ದಿನ ಗೊತ್ತುಮಾಡಿಕೊಳ್ಳಿ. ಅಮಾವಾಸ್ಯೆ ಎಂದಾದರೂ ಇಟ್ಟುಕೊಳ್ಳಿ, ಮರೆಯುವುದಿಲ್ಲ. ಆ ದಿನ ನಾಯಿಯನ್ನು ನಿಲ್ಲಿಸಿ, ಮೂಗಿನಿಂದ ಬಾಲದವರೆಗೆ ಎರಡು ಕೈಯಲ್ಲೂ ಸವರಿ ನೋಡಿ. ಈ ಜಾತಿಗೆ ಕೂದಲು ದಟ್ಟ; ಕಣ್ಣಿಗೆ ಕಾಣದ್ದು ಕೈಗೆ ಸಿಗುತ್ತದೆ. ದವಡೆಯ ಕೆಳಗೆ, ಭುಜದ ಮುಂದೆ, ಹಿಂಗಾಲಿನ ಮೊಣಕಾಲಿನ ಹಿಂದೆ ನಿಂಬೆಕಾಯಿಯಂಥ ಗಂಟು ಎರಡೂ ಪಕ್ಕ ಎದ್ದಿದ್ದರೆ ಅದು ಲಿಂಫೋಮಾ ಇರಬಹುದು. ಹೆಣ್ಣಾದರೆ ಎದೆಯಿಂದ ತೊಡೆಯ ಸಂದಿನವರೆಗೆ ಎರಡು ಸಾಲು ಮೊಲೆಗಳನ್ನೂ ಒಂದೊಂದಾಗಿ ಒತ್ತಿ ನೋಡಿ. ಕಡಲೆಕಾಳಿನಷ್ಟು ಗಂಟು ಸಿಕ್ಕರೂ ಆಸ್ಪತ್ರೆಗೆ ಹೊರಡಿ. ನಿಂಬೆಹಣ್ಣಿನ ಗಾತ್ರವಾಗಲಿ ಎಂದು ಕಾಯಬೇಡಿ. ಪೆಟ್ಟು ಬೀಳದೆ ಬಂದ ಕುಂಟು ವಾರವಾದರೂ ಹೋಗದಿದ್ದರೆ ಮೂಳೆಯ ಪರೀಕ್ಷೆ ಮಾಡಿಸಿ. ನಾಯಿ ಒಂದು ದಿನ ತಟ್ಟನೆ ಕುಸಿದು, ಮರುದಿನ ತಾನಾಗಿಯೇ ಚೇತರಿಸಿಕೊಂಡರೆ "ಸದ್ಯ, ಸರಿಹೋಯಿತು" ಎಂದು ಸುಮ್ಮನಾಗಬೇಡಿ. ಗುಲ್ಮದ ಗಂತಿ ಮೊದಲ ಸಲ ಸ್ವಲ್ಪ ಜಿನುಗಿ ನಿಂತಾಗ ಹೀಗಾಗುವುದುಂಟು. ಎರಡನೆಯ ಸಲ ಅದು ಅವಕಾಶ ಕೊಡುವುದಿಲ್ಲ. ರಾಣಿಗೂ ಎರಡು ವಾರ ಮುಂಚೆ ಹಾಗೆ ಆಗಿತ್ತೆಂದು ಆ ರೈತರು ಆಮೇಲೆ ನೆನಪುಮಾಡಿಕೊಂಡು ಹೇಳಿದರು. ಬಿಸಿಲಿಗೆ ಬಳಲಿದೆ ಎಂದುಕೊಂಡಿದ್ದರಂತೆ.

ಗಂಟು ಎಂದ ಕೂಡಲೇ ಎದೆ ಒಡೆದುಕೊಳ್ಳಬೇಡಿ. ವಯಸ್ಸಾದ ನಾಯಿಯ ಚರ್ಮದಡಿ ಬರಿಯ ಕೊಬ್ಬಿನ ಗಂಟುಗಳೂ ಬರುತ್ತವೆ; ಅವು ನಿರಪಾಯ. ಒಸಡು ಬಿಳಿಚುವುದು, ಮೂಗಿನಲ್ಲಿ ರಕ್ತ, ಗುಲ್ಮ ಊದುವುದು ಇವು ನಮ್ಮಲ್ಲಿ ಸಾಮಾನ್ಯವಾದ ಉಣ್ಣೆಜ್ವರದಲ್ಲೂ ಆಗುತ್ತವೆ. ಅದಕ್ಕೆ ಔಷಧವಿದೆ, ವಾಸಿಯಾಗುತ್ತದೆ. ಯಾವುದು ಏನೆಂದು ಹೇಳಲು ಕಣ್ಣಂದಾಜು ಸಾಲದು. ಸಣ್ಣ ಸೂಜಿಯಿಂದ ಗಂಟಿನ ರಸ ತೆಗೆದು ಗಾಜಿನ ಮೇಲೆ ಹರಡಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಇದು ಸರಳ ಪರೀಕ್ಷೆ. ನಾಯಿಗೆ ಚುಚ್ಚುಮದ್ದಿನಷ್ಟೇ ನೋವು. ನಿಮ್ಮ ಊರಿನ ಪಶುಚಿಕಿತ್ಸಾಲಯದಲ್ಲಿ ಆಗದಿದ್ದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಹೋಗಿ. 1958ರಲ್ಲಿ ಸ್ಥಾಪನೆಯಾದ ಈ ಕಾಲೇಜು ಈಗ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದೆ. ಗಂಟಿಗೆ ಸುಣ್ಣ ಹಚ್ಚುವುದು, ಬರೆ ಹಾಕುವುದು, ದಾರ ಕಟ್ಟುವುದು ಇವನ್ನು ಮಾತ್ರ ಖಂಡಿತ ಮಾಡಬೇಡಿ.

ಇಲ್ಲಿ ಇನ್ನೊಂದು ಗಂತಿಯ ಮಾತನ್ನೂ ಸೇರಿಸುತ್ತೇನೆ. ಬೀದಿನಾಯಿಗಳ ಜನನಾಂಗದಲ್ಲಿ ಹೂಕೋಸಿನಂತೆ ಎದ್ದು ರಕ್ತ ಒಸರುವ ಗಂತಿಯನ್ನು ನೋಡಿರುತ್ತೀರಿ. ಅದೂ ಅರ್ಬುದವೇ, ಆದರೆ ಇದು ಕೂಡುವುದರಿಂದ ಒಂದು ನಾಯಿಯಿಂದ ಇನ್ನೊಂದಕ್ಕೆ ಅಂಟುತ್ತದೆ. ಬೆದೆಗೆ ಬಂದ ನಾಯಿಯನ್ನು ಬೀದಿಗೆ ಬಿಟ್ಟರೆ ಮನೆಯ ನಾಯಿಗೂ ಬರುತ್ತದೆ. ಸಮಾಧಾನದ ಸಂಗತಿ ಏನೆಂದರೆ, ವಿನ್‌ಕ್ರಿಸ್ಟಿನ್ ಎಂಬ ಔಷಧವನ್ನು ವಾರಕ್ಕೊಂದರಂತೆ ಕೆಲವು ವಾರ ಕೊಡಿಸಿದರೆ ಬಹುಪಾಲು ಪೂರ್ತಿ ವಾಸಿಯಾಗುತ್ತದೆ. ಅರ್ಬುದವೆಂದರೆ ಎಲ್ಲವೂ ಮರಣಶಾಸನವಲ್ಲ ಎಂಬುದಕ್ಕೆ ಇದೊಂದು ಸಾಕ್ಷಿ.

ಇನ್ನು ಸಂತಾನಹರಣ ಚಿಕಿತ್ಸೆ. ಮರಿ ಮಾಡಿಸುವ ಉದ್ದೇಶವಿಲ್ಲದ ಹೆಣ್ಣುನಾಯಿಗೆ ಅಂಡಾಶಯ ಸಹಿತ ಗರ್ಭಕೋಶ ತೆಗೆಸಿದರೆ ಮೊಲೆಯ ಅರ್ಬುದ ಕಡಿಮೆಯಾಗುತ್ತದೆ ಎಂದು 1969ರಲ್ಲಿ ಅಮೆರಿಕದಲ್ಲಿ ಒಂದು ಲೆಕ್ಕ ಪ್ರಕಟವಾಯಿತು. ಚಿಕಿತ್ಸೆ ಆಗದ ಹೆಣ್ಣಿಗೆ ನೂರು ಪಾಲು ಅಪಾಯ ಎಂದಿಟ್ಟುಕೊಂಡರೆ, ಮೊದಲ ಬೆದೆಗೆ ಮುಂಚೆ ಮಾಡಿಸಿದರೆ ಅರ್ಧ ಪಾಲು, ಒಂದು ಬೆದೆ ಆದ ಮೇಲೆ 8 ಪಾಲು, ಎರಡು ಬೆದೆ ಆದ ಮೇಲೆ 26 ಪಾಲು. ಈ ಲೆಕ್ಕದ ಆಧಾರ ನಾವು ತಿಳಿದಷ್ಟು ಬಲವಾಗಿಲ್ಲ ಎಂದು 2012ರಲ್ಲಿ ಪರಿಶೀಲಿಸಿದವರು ಹೇಳಿದ್ದಾರೆ. ಆದರೂ ಗರ್ಭಕೋಶದಲ್ಲಿ ಕೀವು ತುಂಬಿ ಸಾಯುವ ಇನ್ನೊಂದು ಅಪಾಯವನ್ನು ಈ ಚಿಕಿತ್ಸೆ ನಿಸ್ಸಂದೇಹವಾಗಿ ತಪ್ಪಿಸುತ್ತದೆ.

ಆದರೆ ಗೋಲ್ಡನ್ ಜಾತಿಯಲ್ಲಿ ಒಂದು ತೊಡಕಿದೆ. 2013ರಲ್ಲಿ ಡೇವಿಸ್ ಶಾಲೆಯವರೇ 759 ಗೋಲ್ಡನ್ ನಾಯಿಗಳ ದಾಖಲೆ ತೆಗೆದು ನೋಡಿದರು. ಒಂದು ವರ್ಷ ತುಂಬುವ ಮೊದಲೇ ಬೀಜ ತೆಗೆಸಿದ ಗಂಡುಗಳಲ್ಲಿ ನೂರಕ್ಕೆ ಹತ್ತರಷ್ಟಕ್ಕೆ ಲಿಂಫೋಮಾ ಬಂದಿತ್ತು. ತೆಗೆಸದ ಗಂಡುಗಳಿಗಿಂತ ಇದು ಮೂರು ಪಟ್ಟು. ವರ್ಷ ಕಳೆದ ಮೇಲೆ ಚಿಕಿತ್ಸೆಯಾದ ಹೆಣ್ಣುಗಳಲ್ಲಿ ರಕ್ತನಾಳದ ಅರ್ಬುದ ಹೆಚ್ಚಿತ್ತು. ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ಸ್ವಲ್ಪ ತೆರೆದಂತೆ. ಆದ್ದರಿಂದ ಈ ಜಾತಿಯ ಗಂಡನ್ನು ವರ್ಷ ತುಂಬುವ ಮೊದಲು ಚಿಕಿತ್ಸೆಗೆ ಒಯ್ಯಬೇಡಿ. ಹೆಣ್ಣಿನ ವಿಷಯದಲ್ಲಿ, ವಂಶದಲ್ಲಿ ಯಾವ ರೋಗ ಇತ್ತು, ಬೆದೆಯ ಕಾಲದಲ್ಲಿ ಅದನ್ನು ಕಾಯುವ ಅನುಕೂಲ ನಿಮಗಿದೆಯೇ ಎಂಬುದನ್ನು ವೈದ್ಯರ ಮುಂದೆ ಬಿಚ್ಚಿ ಹೇಳಿ, ಅವರೊಡನೆ ಕೂತು ತೀರ್ಮಾನ ಮಾಡಿ. ನೆರೆಮನೆಯವರು ಮಾಡಿಸಿದರು ಎಂದು ಮಾಡಿಸಬೇಡಿ. ಮಾಡಿಸಲಿಲ್ಲ ಎಂದು ಬಿಡಲೂ ಬೇಡಿ.

ಆಹಾರದ ಮಾತು ಬಹಳ ಸುಲಭ, ಖರ್ಚಿಲ್ಲದ್ದು. ಅದಕ್ಕೇ ಯಾರೂ ಪಾಲಿಸುವುದಿಲ್ಲ. ಗೋಲ್ಡನ್ನಿನ ಹತ್ತಿರದ ನೆಂಟನಾದ ಲ್ಯಾಬ್ರಡಾರ್ ಜಾತಿಯ 48 ನಾಯಿಗಳನ್ನು ಎಳೆಯ ಮರಿಗಳಾಗಿದ್ದಾಗಿನಿಂದ ಸಾಯುವವರೆಗೆ ಜೋಡಿ ಜೋಡಿಯಾಗಿ ಸಾಕಿ ನೋಡಿದ ಒಂದು ಪ್ರಯೋಗ 2002ರಲ್ಲಿ ಪ್ರಕಟವಾಯಿತು. ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಕಾಲುಭಾಗ ಕಡಿಮೆ ಊಟ. ಹೆಚ್ಚು ತಿಂದವುಗಳ ನಡುಮಟ್ಟದ ಆಯುಸ್ಸು 11.2 ವರ್ಷ, ಕಡಿಮೆ ತಿಂದವುಗಳದು 13 ವರ್ಷ. ಯಾವ ಔಷಧವೂ ಇಲ್ಲದೆ ಸುಮಾರು ಎರಡು ವರ್ಷ ಬಾಳು ಬಂತು! ಪಕ್ಕೆಯ ಮೇಲೆ ಕೈ ಆಡಿಸಿದರೆ ಎಲುಬು ಬೆರಳಿಗೆ ಸಿಗಬೇಕು. ಮೇಲಿನಿಂದ ನೋಡಿದರೆ ಸೊಂಟ ಕಾಣಬೇಕು. ಮಹಡಿಮನೆಗಳಲ್ಲಿ ಬಿಸ್ಕತ್ತು, ತುಪ್ಪದನ್ನ. ನಮ್ಮಲ್ಲಿ "ಪಾಪ, ತಿನ್ನಲಿ" ಎಂದು ದಿನಕ್ಕೆ ನಾಲ್ಕು ಸಲ ಮುದ್ದೆ, ಹಾಲು. ಪ್ರೀತಿಯಿಂದ ಹಾಕಿದ ತುತ್ತೇ ಆಯುಸ್ಸನ್ನು ತಿನ್ನುತ್ತದೆ.

ಹೊಲತೋಟದವರಿಗೆ ಇನ್ನೊಂದು ಎಚ್ಚರಿಕೆ. ಸ್ಕಾಟಿಷ್ ಟೆರಿಯರ್ ಎಂಬ ಜಾತಿಯಲ್ಲಿ, ಕಳೆನಾಶಕ ಹೊಡೆದ ಹುಲ್ಲಿನ ಮೇಲೆ ಓಡಾಡಿದ ನಾಯಿಗಳಿಗೆ ಮೂತ್ರಕೋಶದ ಅರ್ಬುದ ಹೆಚ್ಚಾಗಿ ಕಂಡಿತೆಂದು 2004ರಲ್ಲಿ ವರದಿಯಾಯಿತು. ಗುಲಾಬಿಗೋ ದ್ರಾಕ್ಷಿಗೋ ಔಷಧ ಹೊಡೆಯುವ ದಿನ ನಾಯಿಯನ್ನು ಕಟ್ಟಿಹಾಕಿ. ಚೆನ್ನಾಗಿ ಒಣಗುವವರೆಗೆ ಬಿಡಬೇಡಿ. ಖಾಲಿ ಡಬ್ಬದಲ್ಲಿ ನೀರಿಡುವ ಅಭ್ಯಾಸ ನಾಯಿಗೂ ಬೇಡ, ನಮಗೂ ಬೇಡ.

ಕಾನೂನಿನ ಮಾತನ್ನೂ ಹೇಳಬೇಕು. ಮಾರಾಟಕ್ಕಾಗಿ ನಾಯಿಮರಿ ಮಾಡಿಸುವವರಿಗೆ ಕೇಂದ್ರ ಸರ್ಕಾರ 2017ರಲ್ಲಿ ನಿಯಮಗಳನ್ನು ಮಾಡಿದೆ. ರಾಜ್ಯದ ಪ್ರಾಣಿ ಕಲ್ಯಾಣ ಮಂಡಲಿಯಲ್ಲಿ ನೋಂದಣಿ ಮಾಡಿಸಬೇಕು. ಹದಿನೆಂಟು ತಿಂಗಳು ತುಂಬದ ನಾಯಿಯನ್ನು ಕೂಡಿಸಬಾರದು. ವರ್ಷಕ್ಕೆ ಒಂದೇ ಸೂಲು. ಜೀವಮಾನದಲ್ಲಿ ಐದಕ್ಕಿಂತ ಹೆಚ್ಚು ಸೂಲು ಕೂಡದು. ಎಂಟು ವಾರ ತುಂಬದ ಮರಿಯನ್ನು ಮಾರಬಾರದು. ಮರಿಗಳ, ಕೊಂಡವರ ದಾಖಲೆ ಇಡಬೇಕು. ಈ ಕೊನೆಯ ನಿಯಮವನ್ನು ಹೊರೆ ಎಂದು ತಿಳಿಯಬೇಡಿ. ಅದೇ ನಿಮ್ಮ ಆಸ್ತಿ. ಮಾರಿದ ಮೇಲೆ ವರ್ಷಕ್ಕೊಮ್ಮೆ ಕೊಂಡವರನ್ನು ವಿಚಾರಿಸಿ, ಮರಿ ಹೇಗಿದೆ, ಯಾವ ಕಾಯಿಲೆ ಬಂತು ಎಂದು ಬರೆದಿಡಿ. ಹತ್ತು ವರ್ಷ ಇಂಥ ಪುಸ್ತಕ ಇಟ್ಟವನ ಮರಿಗೆ ಬೆಲೆ ತಾನಾಗಿಯೇ ಬರುತ್ತದೆ.

"ಇಷ್ಟೆಲ್ಲ ರಗಳೆ ಯಾಕೆ, ನಮ್ಮ ನಾಡಿನ ನಾಯಿಯನ್ನೇ ಸಾಕಿದರಾಗದೇ?" ಎಂದು ಕೇಳುವವರಿದ್ದಾರೆ. ಧಾರಾಳವಾಗಿ ಸಾಕಬಹುದು. ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿ ಲೋಕಪ್ರಸಿದ್ಧ. 2005ರಲ್ಲಿ ಅದರ ಚಿತ್ರದ ಅಂಚೆಚೀಟಿ ಬಂತು. ಅಲ್ಲಿನ ತಿಮ್ಮಾಪುರದಲ್ಲಿ ನಮ್ಮ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ನಮ್ಮ ಸೆಕೆಗೆ ಒಗ್ಗಿದ, ಗಿಡ್ಡ ಕೂದಲಿನ, ಸಣಕಲು ಮೈಯ ನಾಯಿ ಅದು. ಓಡಲು ಬಯಲು ಬೇಕು. ಮೂರು ಕೋಣೆಯ ಮಹಡಿಮನೆಗೆ ಹೊಂದುವುದಿಲ್ಲ. ಆದರೆ ಒಂದು ಮಾತು ನೆನಪಿರಲಿ: ಬೇಡಿಕೆ ಹೆಚ್ಚಿತೆಂದು ನಾಲ್ಕು ನಾಯಿಗಳ ರಕ್ತವನ್ನೇ ತಿರುಗಿ ತಿರುಗಿ ಕೂಡಿಸಿದರೆ, ಗೋಲ್ಡನ್ನಿಗೆ ಆದ ಗತಿ ಮುಧೋಳದ ನಾಯಿಗೂ ಬಂದೀತು. ದೋಷ ವಿದೇಶದ ನಾಯಿಯದಲ್ಲ, ನಮ್ಮ ಆತುರದ್ದು.

ಹೇಳಿದ್ದನ್ನು ಸಂಗ್ರಹಿಸುತ್ತೇನೆ. ಒಂದು: ಅಜ್ಜ ಅಜ್ಜಿಯರ ಆಯುಸ್ಸು ಕೇಳದೆ ಮರಿ ಕೊಳ್ಳಬೇಡಿ, ಮರಿ ಮಾಡಿಸಬೇಡಿ. ಎರಡು: ಹತ್ತಿರದ ರಕ್ತ ಕೂಡಿಸಬೇಡಿ. ಮೂರು: ತಿಂಗಳಿಗೊಮ್ಮೆ ಮೈ ಸವರಿ ನೋಡಿ, ಗಂಟು ಸಿಕ್ಕರೆ ಸೂಜಿ ಪರೀಕ್ಷೆ ಮಾಡಿಸಿ. ನಾಲ್ಕು: ಸಂತಾನಹರಣವನ್ನು ವೈದ್ಯರ ಸಲಹೆಯಂತೆ, ತಕ್ಕ ವಯಸ್ಸಿನಲ್ಲಿ ಮಾಡಿಸಿ. ಐದು: ಸೊಂಟ ಕಾಣುವಷ್ಟೇ ಊಟ ಹಾಕಿ. ಆರು: ಪುಸ್ತಕ ಇಡಿ.

ಸರ್ಜಾಪುರದ ಆ ರೈತರ ಕಥೆಯನ್ನು ಅರ್ಧಕ್ಕೆ ಬಿಟ್ಟಿದ್ದೆ. ರಾಣಿಯನ್ನು ತೋಟದ ಹುಣಸೆಮರದ ಕೆಳಗೆ ಮಣ್ಣುಮಾಡಿ, ಮಾರನೆಯ ದಿನ ಅವರು ಮರಳಿ ಬಂದರು. ಕೈಯಲ್ಲಿ ಒಂದು ಹಳೆಯ ಹಾಲಿನ ಲೆಕ್ಕದ ಪುಸ್ತಕ. ಅದರ ಕೊನೆಯ ಹಾಳೆಗಳಲ್ಲಿ ಮೂರು ಸೂಲಿನ ಮರಿ ಕೊಂಡವರ ಹೆಸರು, ಫೋನು ಎಲ್ಲ ಬರೆದಿದ್ದರು. "ಇವರಿಗೆಲ್ಲ ಹೇಳ್ಬೇಕೋ ಬೇಡ್ವೋ ಸ್ವಾಮಿ? ಹೇಳಿದ್ರೆ ನನ್ನ ವ್ಯಾಪಾರ ಹೋಯ್ತದೆ" ಎಂದರು.

"ಹೇಳದಿದ್ದರೆ?" ಎಂದೆ.

"ನಿದ್ದೆ ಹೋಯ್ತದೆ" ಎಂದರು.

ಒಬ್ಬೊಬ್ಬರಿಗೂ ಫೋನು ಮಾಡಿದರು. ಕೆಲವರು ಬೈದರು, ದುಡ್ಡು ವಾಪಸು ಕೊಡು ಎಂದವರೂ ಇದ್ದರು. ಬಹುಮಂದಿ ಮರಿಗಳನ್ನು ಪರೀಕ್ಷೆ ಮಾಡಿಸಿದರು. ಅವುಗಳಲ್ಲಿ ಐದು ವರ್ಷದ ಒಂದು ನಾಯಿಯ ಗುಲ್ಮದಲ್ಲಿ ಗಂತಿ ಇನ್ನೂ ಒಡೆಯದೆ ಇದ್ದುದು ಗೊತ್ತಾಗಿ, ಗುಲ್ಮವನ್ನೇ ತೆಗೆದುಹಾಕಿದರು. ಅದು ಕೆಟ್ಟ ಗಂತಿಯೇ ಆಗಿತ್ತು. ಆದರೂ ಆ ನಾಯಿ ಹತ್ತು ತಿಂಗಳು ಮನೆಯವರ ನಡುವೆ ಓಡಾಡಿಕೊಂಡು ಬಾಳಿತು. ಆ ಮನೆಯ ಯಜಮಾನರು ರೈತರ ಮನೆಗೆ ಬಂದು ಹೇಳಿದರಂತೆ: "ನೀವು ಫೋನು ಮಾಡದಿದ್ದರೆ ಈ ಹತ್ತು ತಿಂಗಳು ನಮ್ಮ ಮಗಳಿಗೆ ಸಿಕ್ತಿರಲಿಲ್ಲ."

ಮನೆಯಲ್ಲಿ ಉಳಿದಿದ್ದ ರಾಣಿಯ ಮಗಳನ್ನು ಅವರು ಗಂಡಿಗೆ ಕೂಡಿಸಲಿಲ್ಲ. ಗೊತ್ತುಮಾಡಿದ್ದ ಗಂಡಿನವರಿಗೆ ಮುಂಗಡ ಬಿಟ್ಟುಕೊಟ್ಟರು. ಆ ನಾಯಿ ಈಗ ಕೊಟ್ಟಿಗೆಯ ಬಾಗಿಲಲ್ಲಿ ಮಲಗಿರುತ್ತದೆ. ಅಮಾವಾಸ್ಯೆಗೊಮ್ಮೆ ಅವರ ಮನೆಯಾಕೆ ಅದನ್ನು ನಿಲ್ಲಿಸಿ ಮೈಯೆಲ್ಲ ಸವರಿ ನೋಡುತ್ತಾರೆ. ಮುಂದೆ ಮರಿ ಮಾಡಿಸುವುದಾದರೆ ಹನ್ನೆರಡು ವರ್ಷ ಬಾಳಿದ ಅಜ್ಜಿ ಇರುವ ಮನೆಯಿಂದಲೇ ಹೆಣ್ಣು ತರುವುದೆಂದು ನಿಶ್ಚಯಿಸಿದ್ದಾರೆ, ಹುಡುಕುತ್ತಿದ್ದಾರೆ.

ನಾಯಿ ನಮ್ಮನ್ನು ನಂಬಿ ಬದುಕುವ ಪ್ರಾಣಿ. ಅದರ ಆಯುಸ್ಸಿನ ಒಂದು ಪಾಲು ದೇವರ ಕೈಯಲ್ಲಿದ್ದರೆ, ಇನ್ನೊಂದು ಪಾಲನ್ನು ಗಂಡು ಹೆಣ್ಣು ಜೋಡಿಸುವ ದಿನ ನಾವೇ ಬರೆಯುತ್ತೇವೆ. ಆ ದಿನ ಸ್ವಲ್ಪ ಯೋಚಿಸಿ ಬರೆಯೋಣ.